ಹೊಲಿದ ದೋಣಿಗೆ ಮೊಳೆ

ದೋಣಿ ಎಂದಮೇಲೆ ಅದರಲ್ಲಿ ಮೊಳೆ ಇರತಕ್ಕದ್ದು. ಪುರಾತನ ಜಲವಾಹನ ಕಚೇರಿಯ ನಿಯಮ ಹೀಗೆ ಹೇಳುತ್ತದೆ. ಗುಲ್ವಾಡಿಯ ಭೋಜ ಶೆಟ್ಟರ ದೋಣಿಯಲ್ಲಿ ಒಂದೂ ಮೊಳೆ ಇರಲಿಲ್ಲ.

ಅದು ಯುದ್ಧ ಕಂಡ ದೋಣಿ. ಎರಡನೇ ಮಹಾಯುದ್ಧದಲ್ಲಿ ಇಂಗ್ಲಿಷರು ಅದನ್ನು ಶೆಟ್ಟರ ಅಜ್ಜನಿಂದ ಪಡೆದು, ಬೂದಿ ಬಣ್ಣ ಬಳಿದು, ಶತ್ರುವಿನ ಹಡಗು ಬಂದರೆ ಕೂಗಿ ಹೇಳಲೆಂದು ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ನಿಲ್ಲಿಸಿದ್ದರು. ಶತ್ರು ಬರಲಿಲ್ಲ. ಒಮ್ಮೆ ತಿಮಿಂಗಿಲ ಬಂತು. ಕೂಗಿ ಹೇಳಲಾಯಿತು. ಯುದ್ಧ ಮುಗಿದ ಮೇಲೆ ದೋಣಿ ಮನೆಗೆ ಬಂದು ಹೊಳೆಬದಿಯ ಚಪ್ಪರದಡಿ ಮಲಗಿತು. ಹಲಗೆಗಳು ಗಟ್ಟಿಯಾಗಿದ್ದವು. ಅವನ್ನು ಒಂದಕ್ಕೊಂದು ಹೊಲಿದಿದ್ದ ತೆಂಗಿನ ಹುರಿ ಮಾತ್ರ ಪುಡಿಯಾಗಿತ್ತು.

ಮುಂಬೈಯಲ್ಲಿ ಹೋಟೆಲು ನಡೆಸುವ ಬಸ್ರೂರಿನ ಪ್ರವೀಣ್ ಅದನ್ನು ಕೇಳಿಕೊಂಡು ಬಂದ.

"ಹೊಸ ಹುರಿ ಹಾಕಿ ಹೊಲ್ಸ್ತೆ ಶೆಟ್ರೆ. ಹೊಳಿಯಗೆ ಜನ್ರನ್ನ್ ತಿರ್ಗಿಸ್ತೆ."

"ಕೊಡ್ತೆ," ಎಂದರು ಶೆಟ್ಟರು. "ದೋಣಿ ನೀರಿಗಿಳೀಕ್. ನಾನ್ ಅದ್ರಗೆ ಒಂದ್ಸಲ ಕೂಕಣ್ಕ್. ಅಷ್ಟೆ."

ಅವರಿಗೆ ಎಪ್ಪತ್ತು ದಾಟಿತ್ತು. ಮನೆಯ ದೋಣಿಯಲ್ಲಿ ಇನ್ನೂ ಕೂತಿರಲಿಲ್ಲ.

"ಹೆಣ್ಣ್ ಕಾಂಬುಕೆ ಬಂದಾಗ್ಳೂ ಇವ್ರ್ ಇಷ್ಟ್ ಶರ್ತ ಹಾಕಿರ್ಲಿಲ್ಲೆ," ಎಂದರು ಹೆಂಡತಿ ಗುಣವತಿ ಒಳಗಿನಿಂದ.

ಯುದ್ಧ ಕಂಡ ವಸ್ತುವನ್ನು ಅಂಗಾಂಗ ಪೂರ್ತಿ ಇದ್ದರೆ ಮಾತ್ರ ಮಾರಬಹುದು. ಆದಕಾರಣ ಕಚೇರಿಯಿಂದ ಸುಶಾಂತ್ ಎಂಬ ಅಧಿಕಾರಿ ಅಯಸ್ಕಾಂತದೊಂದಿಗೆ ಬಂದರು. ಅದನ್ನು ದೋಣಿಯ ಮೈಮೇಲೆಲ್ಲ ಆಡಿಸಿದರು. ಎಲ್ಲೂ ಅಂಟಲಿಲ್ಲ.

"ಮೊಳೆ ಎಲ್ಲಿ?"

"ಇಲ್ಲೆ."

"ಯಾವಾಗಿನಿಂದ ಇಲ್ಲ?"

"ಮೊದ್ಲಿಂದ."

"ಹಾಗಾದರೆ ಕಳವು ಹಳೆಯದು."

"ಹ್ವಾಯ್, ಇದ್ದದ್ದ್ ಹೋದ್ರೆ ಕಳವ್. ಇಲ್ದಿದ್ದದ್ದ್ ಹೋಪ್ದ್ ಹ್ಯಾಂಗೆ? ಇದ್ ಹೊಲ್ದ ದೋಣಿ."

"ಹೊಲಿಗೆ ಜವಳಿ ಇಲಾಖೆಗೆ ಬರುತ್ತದೆ. ನಮಗೆ ಬರುವುದಿಲ್ಲ," ಎಂದು ಸುಶಾಂತ್ ಸೌಜನ್ಯದಿಂದ ತಿಳಿಸಿದರು.

ಮರುದಿನ ಬಸ್ರೂರಿನಿಂದ ಬಾರ್ಕೂರಿನವರೆಗೆ ರಿಕ್ಷಾದಲ್ಲಿ ಮೈಕು ಹೋಯಿತು. "ಐತಿಹಾಸಿಕ ದೋಣಿಯ ಮೊಳೆಗಳು ಕಾಣೆಯಾಗಿವೆ. ಸಿಕ್ಕಿದವರು ಕಚೇರಿಗೆ ಒಪ್ಪಿಸತಕ್ಕದ್ದು. ಒಪ್ಪಿಸಿದವರಿಗೆ ಶಾಲು ಹೊದಿಸಲಾಗುವುದು."

ಮೊದಲು ಬಂದವನು ನೆರೆಮನೆಯ ಗಣಪ. ಒಂದು ಡಬ್ಬಿ ತುಕ್ಕು ಹಿಡಿದ ಮೊಳೆ ಕೊಟ್ಟು ಶಾಲು ಹೊದ್ದುಕೊಂಡು ಹೋದ. ಅವನ ದನದ ಹಟ್ಟಿಯ ಮಾಡು ಅದೇ ದಿನ ಕೆಳಗೆ ಕೂತಿತು. ವಾರ ಕಳೆಯುವುದರೊಳಗೆ ಸುತ್ತಮುತ್ತ ಮಾಡು ನಿಂತ ಹಟ್ಟಿಯೇ ಉಳಿಯಲಿಲ್ಲ. ದನಗಳು ಬಯಲಲ್ಲಿ ಮಲಗಿದವು. ಯಜಮಾನರು ಶಾಲು ಹೊದ್ದು ಮಲಗಿದರು. ಕಚೇರಿಯು ತುಕ್ಕು ಹಿಡಿದ ಮೊಳೆಗಳನ್ನು ಯುದ್ಧಕಾಲದವೆಂದೂ ಹೊಳೆಯುವವನ್ನು ಶಾಂತಿಕಾಲದವೆಂದೂ ವಿಂಗಡಿಸಿತು.

ಬಳಿಕ, ಸಿಕ್ಕಿದ ಮೊಳೆಗಳನ್ನು ಮೂಲಸ್ಥಾನಕ್ಕೆ ಮರಳಿಸುವ ಸಮಾರಂಭ ನಡೆಯಿತು. ದೀಪ ಬೆಳಗಿ ಮೊದಲ ಮೊಳೆ ಹೊಡೆದರು. ಹಲಗೆ ಸೀಳಿತು.

"ಸೀಳ್ತಾ ಇತ್ತಲೆ," ಎಂದರು ಶೆಟ್ಟರು.

"ಮೊಳೆ ಬಗ್ಗಿಲ್ಲವಲ್ಲ," ಎಂದರು ಸುಶಾಂತ್.

ಪ್ರವೀಣ್ ಶೆಟ್ಟರ ಕಿವಿಯಲ್ಲಿ, "ಸುಮ್ನಿರಿ ಮಾರಾಯ್ರೆ, ಅನುಮತಿ ಸಿಕ್ಲಿ," ಎಂದ.

ಸಂಜೆಯ ಹೊತ್ತಿಗೆ ಅಯಸ್ಕಾಂತ ಇಟ್ಟಲ್ಲೆಲ್ಲ ಅಂಟತೊಡಗಿತು. ಮಾರಾಟಕ್ಕೆ ಅನುಮತಿ ಸಿಕ್ಕಿತು. ಮೊಳೆ ಇದ್ದಮೇಲೆ ಹೊಸ ಹುರಿ ಬೇಕಿಲ್ಲ ಎಂದಾಯಿತು.

ಭಾನುವಾರ ಚೆಂಡೆ ಬಡಿಸಿ ದೋಣಿಯನ್ನು ಹೊಳೆಗೆ ತಳ್ಳಿದರು. ಗಣ್ಯರೆಲ್ಲ ಬಿಳಿ ಬಟ್ಟೆಯಲ್ಲಿದ್ದುದರಿಂದ ಹತ್ತಲಿಲ್ಲ. ಶೆಟ್ಟರೊಬ್ಬರೇ ನಡುವಿನ ಹಲಗೆಯ ಮೇಲೆ ಕೂತರು. ಚೆಂಡೆ ನಿಲ್ಲುವ ಮೊದಲೇ ನೀರು ಅವರ ಸೊಂಟಕ್ಕೆ ಬಂತು, ಆಮೇಲೆ ಎದೆಗೆ. ಅವರು ಏಳಲಿಲ್ಲ.

"ಹ್ವಾಯ್, ಏಳಿ!" ಎಂದು ಗುಣವತಿ ದಡದಿಂದ ಕೂಗಿದರು. "ಕೂಕಂಡದ್ದ್ ಸಾಕ್!"

"ತಡಿ," ಎಂದರು ಶೆಟ್ಟರು. ನೀರು ಗಡ್ಡ ಮುಟ್ಟಿದ ಮೇಲೆ ಈಜಿ ಬಂದರು.

ಸುಶಾಂತ್ ಮೈಕು ಹಿಡಿದು, "ದೋಣಿ ಯಶಸ್ವಿಯಾಗಿ ನೀರಿಗೆ ಇಳಿದಿದೆ," ಎಂದು ಘೋಷಿಸಿದರು. ಚಪ್ಪಾಳೆ ಬಿತ್ತು.

ತೇಲುವ ಯುದ್ಧದೋಣಿಗಿಂತ ಮುಳುಗಿದ ಯುದ್ಧದೋಣಿಗೆ ಕಚೇರಿಯಲ್ಲಿ ಹೆಚ್ಚಿನ ದರ್ಜೆ. ಹಾಗಾಗಿ ಅದಕ್ಕೆ ಬಡ್ತಿ ಸಿಕ್ಕಿತು. ಮೇಲೆತ್ತುವುದನ್ನು ನಿಷೇಧಿಸಲಾಯಿತು.

ಶೆಟ್ಟರು ಪ್ರವೀಣನಿಗೆ, "ವ್ಯಾಪಾರ ನಿಂಗ್ ಬ್ಯಾಡ ಅಂದ್ರೆ ಬಿಡ್," ಎಂದರು.

"ಬ್ಯಾಡ ಅಂಬುದ್ ಎಂತಕೆ?" ಎಂದ ಪ್ರವೀಣ್. "ಮುಳ್ಗಿದ್ದಕ್ಕೆ ದುರಸ್ತಿಯ ಗೋಜೇ ಇಲ್ಲೆ!"

ಈಗ ಅವನು ಒಂದು ಫೈಬರ್ ದೋಣಿ ಇಟ್ಟಿದ್ದಾನೆ. ಮುಳುಗಿದ ಜಾಗಕ್ಕೆ ಪ್ರವಾಸಿಗಳನ್ನು ಕರೆದೊಯ್ಯುತ್ತಾನೆ. ತೋರಿಸುವ ಕೆಲಸ ಭೋಜ ಶೆಟ್ಟರದು.

"ಅಲ್ಲಿ," ಎನ್ನುತ್ತಾರೆ ಅವರು. ಎಲ್ಲರೂ ನೀರಿನ ಫೋಟೋ ತೆಗೆಯುತ್ತಾರೆ.

ಮೊನ್ನೆ ದಾವಣಗೆರೆಯವರೊಬ್ಬರು ಟೋಪಿ ತೆಗೆದು ಕೇಳಿದರು: "ಇದನ್ನು ಮುಳುಗಿಸಿದವರು ಯಾರು ಯಜಮಾನ್ರೆ? ಜರ್ಮನ್ನರಾ, ಜಪಾನಿಗಳಾ?"

ಶೆಟ್ಟರು ದಡದ ಕಡೆ ನೋಡಿದರು. "ನಮ್ಮವ್ರೇ," ಎಂದರು.

"ಶತ್ರುವಿನ ಕೈಗೆ ಸಿಗಬಾರದೆಂದು!" ಎಂದರು ದಾವಣಗೆರೆಯವರು. ಎಲ್ಲರೂ ಎದ್ದು ನಿಂತು ಗೌರವ ಸಲ್ಲಿಸಿದರು. ಫೈಬರ್ ದೋಣಿ ಒಂದು ಬದಿಗೆ ವಾಲಿತು.