ಡಬ್ಬಾ ಮೇಷ್ಟ್ರ ಟೇಪಿನಲ್ಲಿ ಹೆಂಗಸಿನ ದನಿ

ಸೊಳ್ಳೆ ಹಾರಿದರೂ ಅದು ಯಾವ ಶ್ರುತಿಯಲ್ಲಿ ಹಾರಿತೆಂದು ಹೇಳಬಲ್ಲೆ ಎಂಬುದು ಕಿವಿಯಪ್ಪನವರ ಖಾಯಂ ಜಂಬ. ಹಾಗೆಂದೇ ಸಹೋದ್ಯೋಗಿಗಳು ಇಟ್ಟ ಹೆಸರು ಅದು. ಸಂಗೀತ ಗ್ರಂಥಾಲಯದ ಹಳೆಯ ಧ್ವನಿಮುದ್ರಣಗಳೆಲ್ಲ ಅವರ ಸುಪರ್ದಿಯಲ್ಲಿದ್ದವು. ಇಂಥವರ ಕೈಗೆ, ಮುರುಕು ಫ್ಯಾನಿನ ಹಿಂದೆ, ಡಬ್ಬಾ ಮೇಷ್ಟ್ರ ಟೇಪು ಸಿಕ್ಕಿಬಿಟ್ಟಿತು!

ಡಬ್ಬಾ ಮೇಷ್ಟ್ರೆಂದರೆ ವಾದ್ಯಗಳನ್ನೆಲ್ಲ ಮೂಲೆಗೆ ತಳ್ಳಿ, ಬಕೆಟ್ಟು, ತಗಡಿನ ಡಬ್ಬ, ಬಾಗಿಲ ಚಿಲಕಗಳಲ್ಲೇ ಕಛೇರಿ ನಡೆಸಿದ ಮಹಾನುಭಾವರು. ಜನ ಎದ್ದು ಹೋಗುತ್ತಿದ್ದರಂತೆ. ಆ ಕುರ್ಚಿಗಳ ಸದ್ದನ್ನೂ ಅವರು ತಾಳಕ್ಕೆ ಸೇರಿಸಿಕೊಳ್ಳುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಉಳಿದದ್ದು ಇದೊಂದೇ ಟೇಪು. ಮೇಷ್ಟ್ರ ಹೆಂಡತಿ, ಈಗ ಹಣ್ಣು ಹಣ್ಣು ಮುದುಕಿ, "ಕಣ್ಣು ಮುಚ್ಚೋದ್ರೊಳಗೆ ಒಂದ್ಸಲ ಕೇಳಿಸಿಬಿಡಪ್ಪ" ಎಂದು ಫೋನಿನಲ್ಲಿ ಗೋಗರೆದಿದ್ದರು.

"ಭಾನುವಾರವೇ ಸಭೆ! ಒಂದು ಧೂಳಿನ ಸದ್ದೂ ಇಲ್ಲದ ಹಾಗೆ ತೊಳೆದು ಕೊಡ್ತೀನಿ!" ಎಂದು ಕಿವಿಯಪ್ಪನವರು ಘೋಷಿಸಿದರು.

ಗ್ರಂಥಾಲಯದ ಟೇಪ್ ಯಂತ್ರ ಕೆಟ್ಟಿತ್ತು. ಕಿವಿಯಪ್ಪನವರ ಮನೆಯ ಹಳೆಯ ಯಂತ್ರ ಹಾಡುತ್ತಿತ್ತು, ಆದರೆ ವೈರು ಸಿಕ್ಕಿಸುವ ಜಾಗ ಮುರಿದಿತ್ತು. ಸರಿ, ಅದರ ಸ್ಪೀಕರಿನ ಮುಂದೆ ಮೈಕ್ ಇಟ್ಟು ಕಂಪ್ಯೂಟರಿಗೆ ತುಂಬಿಸುವುದೆಂದಾಯಿತು. ತಮ್ಮ ಹೆಂಡತಿಯನ್ನು ಅಡುಗೆಮನೆಯಲ್ಲಿ ಕೂರಿಸಿ, ಬಾಯಿಗೆ ಬೀಗ ಹಾಕಿಸಿ, ಯಂತ್ರ ಓಡಿಸಿ, ಬಾಗಿಲೆಳೆದುಕೊಂಡು, ನೆರೆಯವರ ಗದ್ದಲ ತಡೆಯಲು ತಾವು ಕೆಳಗೆ ಮೆಟ್ಟಿಲ ಬಳಿ ಕಾವಲು ನಿಂತರು.

ಆಮೇಲೆ ಬಂದು ಕೇಳಿದರೆ ಢಣ್, ಢಣ್, ಕಿರ್ರ್... ನಡುವೆ ಹೆಂಗಸಿನ ದನಿ! "ರೀ, ಸಾಕು ಮಾಡಿ! ನಲ್ಲೀಲಿ ನೀರು ಬಂದಿದೆ, ಆ ಬಕೆಟ್ ಕೊಡಿ ಇಲ್ಲಿ!"

ಕಿವಿಯಪ್ಪನವರ ಪಿತ್ತ ನೆತ್ತಿಗೇರಿತು.

"ಅಷ್ಟು ಹೇಳಿದ್ರೂ ಬಾಯಿ ಬಿಟ್ಟೆಯಲ್ಲೇ!"

"ನಾನೆಲ್ಲಿ ಬಿಟ್ಟೆ? ಕೆಮ್ಮು ಬಂದ್ರೂ ಬಾಯಿಗೆ ಬಟ್ಟೆ ಅದುಮಿಕೊಂಡು ಕೂತಿದ್ದೆ."

"ಇಷ್ಟು ವರ್ಷ ಕೇಳಿದ ದನಿ ನನಗೆ ಗೊತ್ತಾಗಲ್ವಾ?"

"ಇನ್ನೊಂದ್ಸಲ ಟೇಪ್ ಹಾಕಿ ನೋಡಿ ಮತ್ತೆ!"

"ಪದೇ ಪದೇ ಓಡಿಸಿದ್ರೆ ಪುಡಿಪುಡಿಯಾಗುತ್ತೆ. ಹಳೇ ಸರಕು ಅದು!"

ಕಂಪ್ಯೂಟರಿನಲ್ಲಿ ಆ ಹೆಂಗಸಿನ ಮಾತನ್ನು ಕಚಕ್ಕನೆ ಕತ್ತರಿಸಿ ಎಸೆದರು. ಹೆಂಡತಿಯ ಮೇಲಿನ ಗೊಣಗಾಟ ಮಾತ್ರ ಭಾನುವಾರದವರೆಗೂ ನಿಲ್ಲಲಿಲ್ಲ.

ಸಭೆ ತುಂಬಿತ್ತು. ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿ, ಮೇಷ್ಟ್ರ ಹೆಂಡತಿ, ಪ್ರತಿ ಢಣ್‌ಗೂ ತಲೆದೂಗುತ್ತಿದ್ದರು. ಒಂದೆಡೆ ಮಾತ್ರ ಮೈಯೆಲ್ಲ ಕಿವಿಯಾಗಿ ಮುಂದಕ್ಕೆ ಬಾಗಿದರು. ಸಂಗೀತ ಹಾಗೇ ಮುಂದೆ ಹೋಯಿತು. ಅಜ್ಜಿಯ ಮುಖ ಸಪ್ಪಗಾಯಿತು.

"ಇಲ್ಲಿ ನಾನು ಬರ್ಬೇಕಿತ್ತಲ್ಲಪ್ಪ? ಮನೇಲೇ ರೆಕಾರ್ಡ್ ಮಾಡಿದ್ದು ಇದು. ಬಕೆಟ್ ಕೊಡಿ ಅಂತ ಬೈದಿದ್ದೆ. ಅದನ್ನ ತೆಗೆದ್ರೆ ಸಂಗೀತವೇ ಅರ್ಧ ಅಂತ ಅವರು ಹಟ ಹಿಡಿದಿದ್ರು. ಅದನ್ನೇ ಕೇಳೋಕೆ ಬಂದಿದ್ದು ನಾನು."

ಭೂಮಿ ಬಾಯಿ ಬಿಡಬಾರದೇ ಎನಿಸಿತು ಕಿವಿಯಪ್ಪನವರಿಗೆ! ಪುಣ್ಯಕ್ಕೆ ಎಸೆದ ತುಣುಕು ಕಂಪ್ಯೂಟರಿನ ಕಸದಬುಟ್ಟಿಯಲ್ಲೇ ಇತ್ತು. ಹೆಕ್ಕಿ ತೆಗೆದು ಕೇಳಿಸಿದರು. ತಮ್ಮದೇ ಹರೆಯದ ಸಿಟ್ಟು ಕೇಳಿ ಅಜ್ಜಿ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. "ನೋಡಿ, ಬೈದ್ರೂ ನಿಲ್ಲಿಸ್ಲೇ ಇಲ್ಲ ಮಹಾರಾಯ್ರು."

ಮೂರನೆಯ ಸಾಲಿನಿಂದ ಕಿವಿಯಪ್ಪನವರ ಹೆಂಡತಿ ಎದ್ದು ನಿಂತರು. "ಅಜ್ಜಿ, ನೀವು ಬೈದಿದ್ದಕ್ಕೆ ಇಷ್ಟು ದಿನ ನಾನು ಬೈಸಿಕೊಂಡೆ!"

"ಅಯ್ಯೋ ತಾಯಿ! ಮೈಕ್ ಇಲ್ಲೇ ಇದೆ, ಬಾ, ಮನಸ್ಸು ಹಗುರ ಮಾಡ್ಕೊ."

ಅವರು ಬಂದರು. ಹಗುರ ಮಾಡಿಕೊಂಡರು. ಇಡೀ ಸಭೆಯಲ್ಲಿ ಎಲ್ಲಕ್ಕಿಂತ ಜೋರು ಚಪ್ಪಾಳೆ ಬಿದ್ದದ್ದು ಅದಕ್ಕೇ. ಅಂದಿನ ಕಾರ್ಯಕ್ರಮದ ಧ್ವನಿಮುದ್ರಣ ಈಗ ಗ್ರಂಥಾಲಯದಲ್ಲಿದೆ, ಯಾರು ಬೇಕಾದರೂ ಹೋಗಿ ಕೇಳಬಹುದು. ಕಿವಿಯಪ್ಪನವರು ಅದರಲ್ಲಿ ಒಂದಕ್ಷರವನ್ನೂ ಕತ್ತರಿಸಿಲ್ಲ.