ರೇಸಿನ ಸ್ಕೂಟರು ಮತ್ತು ರುಬ್ಬುವ ಗುಂಡು

ನಮ್ಮ ಸ್ಕೂಟರಿಗೆ ಮೂರು ಚಕ್ರ. ಎರಡು ಕಂಪನಿಯವರು ಕೊಟ್ಟದ್ದು, ಮೂರನೆಯದು ಎಡಕ್ಕೆ ಜೋಡಿಸಿದ ಸೈಡ್ ಕಾರಿನದು. ನಮ್ಮೂರು ಹೆಚ್.ಬಿ. ಹಳ್ಳಿಯ ಮೆಕ್ಯಾನಿಕ್ ಖಾಸಿಂಸಾಬರು ಅದನ್ನು ನನಗೆ ಮಾರುವಾಗ ಎರಡು ಮಾತು ಹೇಳಿದ್ದರು.

"ಈ ಕಂಪನಿಯವ್ರು ಹೊರದೇಶದ ರೇಸಿನಾಗ ಕಪ್ ಹೊಡದಾರ್ರಿ" ಎಂಬುದು ಮೊದಲನೆಯದು. ಅಂದಿನಿಂದ ಆ ವಂಶದ ಮರ್ಯಾದೆ ಕಾಯುವ ಹೊಣೆ ನನ್ನದೇ ಎಂದು ನಂಬಿ, ಸೈಡ್ ಕಾರಿಗೆ ಕೆಂಪು ಪಟ್ಟಿ ಬಳಿಸಿದೆ. "ಸೈಡ್ ಕಾರ್ ಖಾಲಿ ಇದ್ರ ಏನರ ವಜ್ಜಿ ಇಡ್ರಿ, ಎಡಕ್ಕ ತಿರುಗಿದ್ರ ಮ್ಯಾಲೆ ಏಳ್ತೈತಿ" ಎಂಬುದು ಎರಡನೆಯದು. ಇದನ್ನು ಕೇಳಿಸಿಕೊಂಡವಳು ನನ್ನ ಹೆಂಡತಿ. ಮಿಕ್ಸರ್ ಬಂದ ಮೇಲೆ ಕೆಲಸವಿಲ್ಲದೆ ಕೂತಿದ್ದ ತನ್ನ ತವರಿನ ರುಬ್ಬುವ ಗುಂಡನ್ನು ಅದರಲ್ಲಿ ಕೂರಿಸಿದಳು.

ತಂಗಿ ಗಿರಿಜಾಳ ಕುಬಸ, ಅಂದರೆ ಸೀಮಂತ, ನಮ್ಮ ಮನೆಯಲ್ಲೇ ಎಂದು ನಿಗದಿಯಾಯಿತು. ಅವ್ವ ಇಲ್ಲ, ಅಪ್ಪ ಇಲ್ಲ. ಆಕೆಗೆ ತವರು ಅಂದರೆ ನಾನೇ. ಚೊಚ್ಚಲ ಬಸುರಿ ಕೇಳಿದ್ದು ಒಂದೇ. "ಅಣ್ಣಾ, ಹಡಗಲಿ ಮಲ್ಲಿಗಿ ಮೊಗ್ಗಿನ ಜಡಿ ಹಾಕ್ಕೊಂಡು ಒಂದು ಫೋಟೋ ತೆಗಿಸ್ಕೋಬೇಕು." ಫೋಟೋದವನು ಹನ್ನೊಂದಕ್ಕೆ ಬರುವವನಿದ್ದ.

ಕುಬಸದ ದಿನ ಹೆಂಡತಿ ಮುಂಜಾನೆಯೇ ಹೇಳಿದಳು, "ಹಡಗಲಿಗೆ ಬಸ್ಸಿನ್ಯಾಗ ಹೋಗಿ ಬರ್ರಿ."

"ಬಸ್ಸು ಯಾವ ರೇಸ್ ಗೆದ್ದೈತಿ?" ಎಂದು ಕೇಳಿ ಕಿಕ್ ಹೊಡೆದೆ.

ಹಡಗಲಿಯಲ್ಲಿ ಒಂದು ಬುಟ್ಟಿ ಮೊಗ್ಗು ಕೊಂಡೆ. ಗುಂಡಿನ ಪಕ್ಕ ಇಟ್ಟರೆ ಮೊಗ್ಗು ನಜ್ಜುಗುಜ್ಜಾಗುತ್ತವೆ. ಅಲ್ಲದೆ ರೇಸಿನ ಗಾಡಿಯಲ್ಲಿ ಯಾರಾದರೂ ಕಲ್ಲು ಹೊರುತ್ತಾರೆಯೇ? ಗುಂಡನ್ನು ಹೂವಿನಂಗಡಿಯ ಕಟ್ಟೆಗೆ ಇಳಿಸಿ ಹೊರಟೆ. ಗಾಡಿ ಹಗುರಾಯಿತು, ನನ್ನ ತಲೆಯೂ ಹಗುರಾಯಿತು. ದಾರಿಯಲ್ಲಿ ಒಂದು ಟ್ರ್ಯಾಕ್ಟರನ್ನು ಹಿಂದೆ ಹಾಕಿದೆ. ಆಮೇಲೆ ಎಡ ತಿರುವು ಬಂತು.

ಸೈಡ್ ಕಾರು ಎದ್ದು ನಿಂತಿತು. ನಾನು ಗಾಬರಿಯಾಗಿ ಹ್ಯಾಂಡಲ್ ಬಲಕ್ಕೆ ಎಳೆದೆ, ಸ್ಕೂಟರು ರಸ್ತೆ ಬಿಟ್ಟು ಜೋಳದ ಹೊಲ ಹೊಕ್ಕಿತು. ನನಗೆ ಏನೂ ಆಗಲಿಲ್ಲ. ಬುಟ್ಟಿ ಮಾತ್ರ ಮಗುಚಿತ್ತು, ಎಲ್ಲಿದ್ದವೋ ನಾಲ್ಕು ಆಡು ಬಂದು ಗಿರಿಜಾಳ ಜಡೆಯನ್ನು ಮೇಯತೊಡಗಿದ್ದವು.

ಬಸ್ಸಿಗೆ ಕಾಯುತ್ತಿದ್ದ ದಪ್ಪನೆಯ ಹೆಂಗಸೊಬ್ಬಳು ಎದ್ದು ಬಂದು ಆಡು ಅಟ್ಟಿದಳು. ಹುಲಿಗೆವ್ವ ಅಂತ ಹೆಸರು. "ರಸ್ತಾ ಅಲ್ಲೈತಿ, ತಮ್ಮಾ" ಎಂದು ಶಾಂತವಾಗಿ ತೋರಿಸಿದಳು. ಉಳಿದ ಮೊಗ್ಗನ್ನು ಇಬ್ಬರೂ ಆರಿಸಿದೆವು. ಅರ್ಧ ಬುಟ್ಟಿಯೂ ಆಗಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂದದ್ದು ನೋಡಿ ಆಕೆ ಏನಾಯ್ತೆಂದು ಕೇಳಿದಳು. ಕುಬಸದ ಕತೆ ಹೇಳಿದೆ, ಗುಂಡಿನ ಕತೆಯನ್ನೂ ಹೇಳಿದೆ.

"ಹುಚ್ಚಪ್ಪ ಅದೀಯಲ್ಲೋ. ನಾನೂ ಹೆಚ್.ಬಿ. ಹಳ್ಳಿಗೇ ಹೊಂಟೀನಿ. ಗುಂಡಿನ ಬದ್ಲಿ ನಾ ಕುಂದರ್ತೀನಿ, ನಡಿ. ಹಗೂರ ಹೋಗು, ಇಲ್ಲಂದ್ರ ಇಳಿದು ನಿನ್ನ ಕಿವಿ ಹಿಂಡ್ತೀನಿ."

ಇಬ್ಬರೂ ಸೇರಿ ಸ್ಕೂಟರನ್ನು ರಸ್ತೆಗೆ ದೂಡಿದೆವು. ಬುಟ್ಟಿಯನ್ನು ತೊಡೆಯ ಮೇಲಿಟ್ಟು ಸೆರಗು ಮುಚ್ಚಿ ಕೂತಳು. ಸ್ಕೂಟರು ಎಷ್ಟು ಸಭ್ಯವಾಗಿ ಹೋಯಿತೆಂದರೆ, ಹುಲ್ಲಿನ ಹೊರೆ ಹೇರಿದ್ದ ಸೈಕಲ್ಲಿನವನೊಬ್ಬ ನಮ್ಮನ್ನು ಹಿಂದೆ ಹಾಕಿ, ತಿರುಗಿ ನೋಡಿ ನಕ್ಕ. ಕಪ್ ಹೊಡೆದ ಕಂಪನಿಯ ಆತ್ಮಕ್ಕೆ ಶಾಂತಿ ಸಿಗಲಿ ಎಂದುಕೊಂಡೆ.

ಮನೆ ಮುಟ್ಟಿದಾಗ ಹತ್ತೂವರೆ. ಬುಟ್ಟಿ ನೋಡಿ ಗಿರಿಜಾಳ ಮುಖ ಸಣ್ಣದಾಯಿತು. ಆಮೇಲೆ ನನ್ನ ಅಂಗಿಗೆ ಮೆತ್ತಿದ್ದ ಮಣ್ಣು ನೋಡಿ, "ಜಡಿ ಗಿಡ್ಡ ಆದ್ರ ಆಗ್ಲಿ ಅಣ್ಣಾ, ನೀ ನೆಟ್ಟಗ ಬಂದಿಯಲ್ಲ" ಎಂದು ನನ್ನ ಕೈ ಹಿಡಿದಳು. ಹುಲಿಗೆವ್ವ ಹಿತ್ತಲಿನ ಕನಕಾಂಬರ ಕಿತ್ತು ತಂದು, ಮೇಲೆ ಮೊಗ್ಗು ಕೆಳಗೆ ಕನಕಾಂಬರ ಹಚ್ಚಿ ತಾನೇ ಜಡೆ ಕಟ್ಟಿದಳು.

ಆ ಫೋಟೋ ಈಗಲೂ ನಮ್ಮ ಗೋಡೆಯ ಮೇಲಿದೆ. ನಡುವೆ ಗಿರಿಜಾ, ಆ ಕಡೆ ನನ್ನ ಹೆಂಡತಿ, ಈ ಕಡೆ ತವರಿನ ಹಿರಿಯಳಂತೆ ಹುಲಿಗೆವ್ವ. ನೋಡಿದವರೆಲ್ಲ ಕೇಳುತ್ತಾರೆ, "ಅಣ್ಣ ಎಲ್ಲಿ?"

"ನಮ್ಮವ್ವ ಕೊಟ್ಟ ಗುಂಡು ಎಲ್ಲಿ?" ಎಂದು ಅವತ್ತು ಖಾಲಿ ಸೈಡ್ ಕಾರು ನೋಡಿ ಹೆಂಡತಿ ಕೇಳಿಬಿಟ್ಟಿದ್ದಳು. ಫೋಟೋ ತೆಗೆಯುವ ಹೊತ್ತಿಗೆ ಅಣ್ಣ ಹಡಗಲಿಯ ಬಸ್ಸಿನಲ್ಲಿದ್ದ. ಬರುವಾಗ ಗುಂಡು ತೊಡೆಯ ಮೇಲಿತ್ತು. ಕಂಡಕ್ಟರ್ ಅದಕ್ಕೂ ಒಂದು ಟಿಕೆಟ್ ಹರಿದ.