ಅಳಿಸಿಹೋದ ಅಳತೆಗಳು

ಹೆಂಡತಿಗೆ ಹೆದರುವ ಗಂಡಸು ನಾನಲ್ಲ. ನಾನು ಹೆದರುವುದು ಅವಳ ಕೈಯಲ್ಲಿರುವ ಕತ್ತರಿಗೆ. ಮನೆಯ ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಅಂಗಡಿ. ನಿವೃತ್ತನಾದ ಮೇಲೆ ಅಲ್ಲಿನ ಕಂಪ್ಯೂಟರ್ ವಿಭಾಗಕ್ಕೆ ನಾನೇ ಮಹಾಮುಖ್ಯಸ್ಥ. (ವಿಭಾಗದಲ್ಲಿ ಬೇರೆ ಯಾರೂ ಇಲ್ಲ. ಕಸ ಗುಡಿಸುವವನೂ ನಾನೇ.) ಗಿರಾಕಿಗಳ ಅಳತೆಯೆಲ್ಲ ಅದರೊಳಗೆ.

ಅಂಗಡಿಗೊಂದು ಕಟ್ಟುನಿಟ್ಟಿನ ನಿಯಮ: ಒಮ್ಮೆ ಅಳೆದ ಹೆಂಗಸನ್ನು ಮತ್ತೆ ಅಳೆಯಕೂಡದು. ಬಂದವರೆಲ್ಲ ಬಟ್ಟೆ ಕೊಟ್ಟು "ಹಳೇ ಅಳತೇನೇ ಇರಲಿ" ಎನ್ನುತ್ತಾರೆ. ಮೈ ಎಷ್ಟು ತುಂಬಿದೆಯೆಂದು ಕಣ್ಣಲ್ಲೇ ಅಂದಾಜು ಮಾಡಿ, ಹಳೆಯದಕ್ಕೆ ಅಷ್ಟು ಸೇರಿಸಿ, ತುಟಿ ಪಿಟಕ್ಕೆನ್ನದೆ ಹೊಲಿಯುವುದು ನನ್ನವಳ ವಿದ್ಯೆ. ಟೇಪು ಹಿಡಿದರೆ ಗಿರಾಕಿ ಎದುರಂಗಡಿಗೆ.

ಒಂದು ದಿನ, ಊರು ಬಿಟ್ಟುಹೋದ ಒಬ್ಬಾಕೆಯ ಅಳತೆಯ ಸಾಲನ್ನು ಅಳಿಸಲು ಹೋದೆ. "ಖಚಿತವೇ?" ಎಂದಿತು ಯಂತ್ರ. ಮದುವೆಯಾದಂದಿನಿಂದ ಈ ಮನೆಯಲ್ಲಿ ನನ್ನ ಅಭಿಪ್ರಾಯ ಕೇಳಿದ್ದು ಅದೊಂದೇ. ಗತ್ತಿನಿಂದ ಹೌದೆಂದೆ. ಊಟ ಮುಗಿಸಿ ಬಂದು ನೋಡಿದರೆ ಊರಲ್ಲೇ ಇರುವವರ ಒಂದು ಸಾಲೂ ಉಳಿದಿಲ್ಲ.

ಮರುದಿನವೇ ಶಾಲಾ ವಾರ್ಷಿಕೋತ್ಸವದ ಗೌನುಗಳನ್ನು ಕತ್ತರಿಸಬೇಕು, ಹೆಡ್‌ಮಿಸ್ಸಿನಿಂದ ಹಿಡಿದು ಟೀಚರುಗಳೆಲ್ಲರದು. ಕೆಟ್ಟರೆ ಅಂಗಡಿಗೆ ಬೀಗ. ಕಂಪ್ಯೂಟರ್ ಬಲ್ಲ ಭಾವಮೈದನಿಗೆ ಪಿಸುದನಿಯಲ್ಲಿ ಫೋನು ಮಾಡಿದೆ.

"ಬ್ಯಾಕಪ್ ಎಲ್ಲಿಟ್ಟಿದ್ದೀರಾ ಭಾವ?"

"ಅದಿದ್ದಿದ್ರೆ ನಿನ್ನ ಕಾಲು ಯಾಕೆ ಹಿಡೀತಿದ್ದೆ?"

"ಹೆದರಬೇಡಿ. ಅಳಿಸಿದ್ದು ಕೂಡಲೇ ಹೋಗಲ್ಲ. ಅದರ ಜಾಗದಲ್ಲಿ ಹೊಸದೇನೂ ತುಂಬದಿದ್ರೆ ತೆಗೀಬಹುದು."

"ಊಟಕ್ಕೆ ಏಳೋ ಮುಂಚೆ ಒಂದಷ್ಟು ಸಿನಿಮಾ ತುಂಬಿಸಿದೆ ಕಣೋ."

ಆ ಕಡೆಯಿಂದ ಬೇರೆಯದೇ ದನಿ. ಆಪರೇಷನ್ ಕೋಣೆಯಿಂದ ಹೊರಬಂದ ಡಾಕ್ಟರು ಕನ್ನಡಕ ತೆಗೆಯುವಾಗ ಇರುತ್ತದಲ್ಲ, ಅಂಥದ್ದು.

"ಹಾಗಿದ್ರೆ ಮುಗೀತು. ಅಕ್ಕಂಗೆ ಹೇಳಿಬಿಡಿ."

"ನೀನೇ ಹೇಳಪ್ಪ, ಒಡಹುಟ್ಟಿದವನು."

"ಒಡಹುಟ್ಟಿದ್ದಕ್ಕೇ ಭಾವ, ಹೇಳಲ್ಲ ಅಂತಿರೋದು" ಎಂದು ಫೋನಿಟ್ಟ.

ಅವಳು ದಾರ ತರಲು ಹೋದ ಹೊತ್ತು ನೋಡಿ ಸಾಹಸಕ್ಕಿಳಿದೆ. ಪರಸ್ತ್ರೀಯರಿಗೆ ಫೋನು ಮಾಡಿ ಸೊಂಟದ ಸುತ್ತಳತೆ ವಿಚಾರಿಸುವ ಮುದುಕನಿಗೆ ಏನೇನಾಗಬಹುದೆಂದು ನೆನೆದೇ ಅಂಗಿ ಒದ್ದೆಯಾಯಿತು.

"ನಮಸ್ಕಾರ ಮೇಡಂ. ಕಂಪ್ಯೂಟರು ಒಂದ್ಸಲ ತಾಳೆ ನೋಡ್ತಾ ಇದೆ. ತಮ್ಮ... ತಮ್ಮ ನಡು..."

"ಇಪ್ಪತ್ತೆಂಟು" ಎಂದರು ಹೆಡ್‌ಮಿಸ್ಸು, ಬೆಂಚಿನ ಮೇಲೆ ನಿಲ್ಲಿಸುವ ದನಿಯಲ್ಲಿ.

ಗಣಿತದ ಟೀಚರೂ ಇಪ್ಪತ್ತೆಂಟು. ಬಾಗಿಲಲ್ಲಿ ಅಡ್ಡಡ್ಡ ಬರುವ ಸಂಗೀತದ ಟೀಚರು ಇಪ್ಪತ್ತಾರು. ಪ್ರಶ್ನಿಸಲು ನನಗೇನು ಎರಡು ತಲೆಯೇ? ತುಂಬಿಸಿದೆ. ಅದೇ ಹುರುಪಿನಲ್ಲಿ ನನ್ನ ಸೊಂಟವನ್ನೂ ಸೇರಿಸಿದೆ, ಮೂವತ್ತು ಅಂತ.

ಮರುದಿನ ಅವಳು ಕಂಪ್ಯೂಟರಿನ ಪರದೆ ನೋಡಿದಳು. "ರೀ, ಹೆಡ್‌ಮಿಸ್ಸು ಇಪ್ಪತ್ತೆಂಟಾ?"

"ಕಂಪ್ಯೂಟರಲ್ಲಿ ಹಾಗೇ ಇದೆ ಕಣೇ."

"ಇದ್ರೆ ಸರಿ."

ಕತ್ತರಿ ಕರಕರ ನಡೆಯಿತು. ಹರಿದದ್ದು ಬಟ್ಟೆಯೋ ನನ್ನ ಕರುಳೋ ತಿಳಿಯಲಿಲ್ಲ. ಆಮೇಲೆ ನನಗೆ ನಿದ್ದೆಯಿಲ್ಲ. ಬೀದಿಯಲ್ಲಿ ಟೀಚರು ಕಂಡರೆ ಅಡ್ಡಗಲ್ಲಿ ಹಿಡಿಯುತ್ತಿದ್ದೆ.

ಹಾಕಿ ನೋಡುವ ದಿನ ಹೆಡ್‌ಮಿಸ್ಸು ಗೌನು ಹಿಡಿದು ಒಳಕೋಣೆಗೆ ಹೋದರು. ಉಸಿರೆಳೆದುಕೊಂಡ ಸದ್ದು ಕೇಳಿಸಿತು. ನಾನು ಬಾಗಿಲ ಚೌಕಟ್ಟು ಹಿಡಿದೆ. ಹೊರಬಂದರು. ಗೌನು ಅಚ್ಚುಕಟ್ಟಾಗಿ ಕೂತಿತ್ತು.

"ನೋಡಿದಿರಾ? ಇಪ್ಪತ್ತೆಂಟೇ" ಎಂದು ನನ್ನತ್ತ ವಿಜಯದ ನೋಟ ಬೀರಿ ಹೋದರು.

ನನ್ನವಳು ಸೂಜಿಗೆ ದಾರ ಪೋಣಿಸುತ್ತಲೇ ಅಂದಳು: "ನೀವು ಫೋನಿಡ್ತಿದ್ದ ಹಾಗೇ ಅವರು ನಂಗೆ ಮಾಡಿದ್ರು. ಯಜಮಾನರ ತಲೆ ನೆಟ್ಟಗಿದೆಯಾ ಅಂತ. ಬಟನ್ ಗಟ್ಟಿ ಮಾಡಿಕೊಡ್ತೀನಿ ಅಂತ ಅವತ್ತೇ ಸಂಜೆ, ನಿಮ್ಮ ಕಣ್ಣಿಗೆ ಬೀಳದ ಹಾಗೆ, ಎಲ್ಲರ ಹಳೇ ಗೌನು ತರಿಸಿ ಅಳ್ಕೊಂಡೆ."

ಬೈಗುಳವೇ ಇಲ್ಲ. ಅದಕ್ಕೇ ಹೆಚ್ಚು ಭಯವಾಯಿತು. ಒಂದು ಪೊಟ್ಟಣ ಕೈಗಿಟ್ಟಳು.

"ವಾರ್ಷಿಕೋತ್ಸವಕ್ಕೆ ನೀವೂ ಬರಬೇಕಂತೆ, ಮುಂದಿನ ಸಾಲಿಗೆ. ಹೊಸ ಪ್ಯಾಂಟು ಹೊಲಿದಿದ್ದೀನಿ. ಎಲ್ಲರ ಜೊತೆ ನಿಮ್ಮ ಸೊಂಟಾನೂ ತುಂಬಿಸಿದ್ರಲ್ಲ, ಮೂವತ್ತು ಅಂತ. ನಿಮ್ಮದೊಂದನ್ನ ಮಾತ್ರ ನಾನು ತಾಳೆ ನೋಡಲಿಲ್ಲ. ಗಂಡನ ಮೇಲೆ ನಂಬಿಕೆ ಬೇಡ್ವಾ?"

ಸಮಾರಂಭದಲ್ಲಿ ಎಲ್ಲರೂ ಕುಳಿತರು. ನಾನೊಬ್ಬ ಆ ಪ್ಯಾಂಟಿನೊಳಗೆ ಉಸಿರು ಬಿಗಿಹಿಡಿದು, ಶಿಕ್ಷಣದ ಮೇಲಿನ ಅಪಾರ ಗೌರವದಿಂದ ನಿಂತೇ ಇದ್ದೆ. ಹೆಡ್‌ಮಿಸ್ಸು ಮೈಕು ಎಳೆದುಕೊಂಡರು. "ಮುಂದಿನ ಸಾಲಿನ ಹಿರಿಯರು ದಯವಿಟ್ಟು ಕುಳಿತುಕೊಳ್ಳಬೇಕು."

ಕುಳಿತೆ. ಆ ಸದ್ದು ಕೊನೆಯ ಸಾಲಿಗೂ ಕೇಳಿಸಿತಂತೆ.